ನೀರಿನಿಂದ ಹೈಡ್ರೋಜನ್ ಅಂದ್ರೆ ಬರೀ ನೀರಿನಿಂದಲೇ ಬರಬೇಕು

ನೀರಿಗೆ ಒಂದಿಷ್ಟು ಪುಡಿ ಹಾಕಿ ಬಿಸಿಲಿಗಿಟ್ಟರೆ ಹೈಡ್ರೋಜನ್ ಬರುತ್ತದೆ ಅನ್ನೋ ಸುದ್ದಿ ಆಗಾಗ ಓಡಾಡುತ್ತಿರುತ್ತದೆ. ಜೊತೆಗೆ ಒಂದು ಹೆಮ್ಮೆಯ ಸಾಲು: ಈ ಪುಡಿಯ ತುಂಬಾ ನ್ಯಾನೋ ರಂಧ್ರಗಳಿವೆ, ಒಂದೇ ಗ್ರಾಂನಲ್ಲಿ ಇಷ್ಟು ಚದರ ಮೀಟರ್ ಮೇಲ್ಮೈ ಇದೆ. ಈ ವಿಷಯ ನನಗೆ ತುಂಬಾ ಇಷ್ಟ. ಅದಕ್ಕೇ ಹೇಳ್ತೀನಿ, ಆ ಲೆಕ್ಕ ನೋಡಿ ಖುಷಿಪಡೋದು ಸಾಲದು.

1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೊಂಡಾ ಟೈಟಾನಿಯಂ ಡೈಆಕ್ಸೈಡ್ ಮೇಲೆ ಬೆಳಕು ಬಿಟ್ಟು ನೀರನ್ನು ಒಡೆದು ತೋರಿಸಿದರು. ಬಿಳಿ ಪೇಂಟಿನಲ್ಲಿ ಇರುತ್ತಲ್ಲ, ಅದೇ ವಸ್ತು. ತೊಂದರೆ ಏನೆಂದರೆ ಅದಕ್ಕೆ ಅಲ್ಟ್ರಾವಯಲೆಟ್ ಬೆಳಕೇ ಬೇಕು. ನಮಗೆ ಸಿಗುವ ಬಿಸಿಲಿನ ಶಕ್ತಿಯಲ್ಲಿ ಅದರ ಪಾಲು ಸುಮಾರು ಶೇ. 5 ಅಷ್ಟೇ.

ಕಣ್ಣಿಗೆ ಕಾಣುವ ಬೆಳಕನ್ನೂ ಹೀರುವ ಆಕ್ಸೈಡ್‌ಗಳಿವೆ. ಕೆಂಪು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್, ಅಂಥದ್ದು. ಬೆಳಕು ಬಿದ್ದಾಗ ಅದರೊಳಗೆ ಎಲೆಕ್ಟ್ರಾನ್ ಒಂದು ಕಡೆ, ಪಾಸಿಟಿವ್ ಚಾರ್ಜ್ ಇನ್ನೊಂದು ಕಡೆ ಆಗುತ್ತವೆ. ನೀರಿನಿಂದ ಹೈಡ್ರೋಜನ್ ಬಿಡಿಸುವುದು ಎಲೆಕ್ಟ್ರಾನ್ ಕೆಲಸ, ಆಕ್ಸಿಜನ್ ಬಿಡಿಸುವುದು ಪಾಸಿಟಿವ್ ಚಾರ್ಜ್ ಕೆಲಸ. ಆದರೆ ಆ ಪಾಸಿಟಿವ್ ಚಾರ್ಜ್ ಕೆಲವೇ ನ್ಯಾನೋಮೀಟರ್ ದೂರ ಹೋಗುವಷ್ಟರಲ್ಲಿ ಮತ್ತೆ ಎಲೆಕ್ಟ್ರಾನ್ ಜೊತೆ ಸೇರಿ ಮುಗಿದುಹೋಗುತ್ತದೆ. ಬೆಳಕು ಮಾತ್ರ ಅದಕ್ಕಿಂತ ಎಷ್ಟೋ ಆಳಕ್ಕೆ ಇಳಿಯುತ್ತದೆ. ರಂಧ್ರಗಳ ನಿಜವಾದ ಉಪಯೋಗ ಇಲ್ಲಿದೆ: ಗೋಡೆ ತೆಳ್ಳಗಾಗುತ್ತದೆ, ನೀರು ಒಳಗೇ ಬಂದು ನಿಲ್ಲುತ್ತದೆ, ಚಾರ್ಜ್ ಹುಟ್ಟಿದ ಜಾಗದ ಪಕ್ಕದಲ್ಲೇ ಕೆಲಸ ಆಗುತ್ತದೆ. (ಇಷ್ಟಾದರೂ ಹೆಮಟೈಟ್ ಒಂದರಿಂದಲೇ ಹೈಡ್ರೋಜನ್ ಬರುವುದಿಲ್ಲ, ಹೊರಗಿನಿಂದ ಸ್ವಲ್ಪ ವೋಲ್ಟೇಜ್ ಕೊಡಬೇಕು.)

ಹಾಗಂತ ಮೇಲ್ಮೈ ಜಾಸ್ತಿಯಾದಷ್ಟೂ ಒಳ್ಳೆಯದಾ? ಇಲ್ಲ. ಹರಳಿನ ದೋಷಗಳು ಮೇಲ್ಮೈಯಲ್ಲೇ ಹೆಚ್ಚು, ಚಾರ್ಜ್‌ಗಳು ಅಲ್ಲೇ ಸಿಕ್ಕಿಬೀಳುತ್ತವೆ. ಹರಳು ಚೆನ್ನಾಗಿ ಬರಲಿ ಅಂತ ಜಾಸ್ತಿ ಕಾಯಿಸಿದರೆ ರಂಧ್ರಗಳೇ ಕುಸಿಯುತ್ತವೆ. 2020ರಲ್ಲಿ ಜಪಾನಿನ ವಿಜ್ಞಾನಿ ಕಝುನಾರಿ ಡೊಮೆನ್ ತಂಡದ ಸ್ಟ್ರಾಂಷಿಯಂ ಟೈಟನೇಟ್ ಎಂಬ ಆಕ್ಸೈಡ್ ಪುಡಿ 350–360 ನ್ಯಾನೋಮೀಟರ್ ಅಲ್ಟ್ರಾವಯಲೆಟ್ ಬೆಳಕಿನಲ್ಲಿ ಸುಮಾರು ಶೇ. 96 ಕ್ವಾಂಟಂ ದಕ್ಷತೆ ತೋರಿಸಿತು, ಅಂದರೆ ಬಿದ್ದ ನೂರು ಬೆಳಕಿನ ಕಣಗಳಲ್ಲಿ ಸುಮಾರು 96 ನೀರು ಒಡೆಯುವ ಕೆಲಸಕ್ಕೆ ಬಂದವು. ಅಲ್ಲಿ ಗೆದ್ದಿದ್ದು ದೋಷ ಕಡಿಮೆ ಇರುವ ಹರಳು. ಅದರ ಒಂದು ಮುಖದಲ್ಲಿ ಹೈಡ್ರೋಜನ್, ಇನ್ನೊಂದರಲ್ಲಿ ಆಕ್ಸಿಜನ್. ಅದೇ ಬಗೆಯ ಪುಡಿಯಿಂದ 100 ಚದರ ಮೀಟರ್ ಪ್ಯಾನೆಲ್ ಕಟ್ಟಿ ಬಿಸಿಲಿಗಿಟ್ಟಾಗ ಹೈಡ್ರೋಜನ್ ಆಗಿ ಬದಲಾದ ಶಕ್ತಿ ಹೆಚ್ಚೆಂದರೆ ಶೇ. 0.76. ಮತ್ತೆ ಅದೇ ಅಲ್ಟ್ರಾವಯಲೆಟ್ ಮಿತಿ.

ನನಗೆ ನಿಜಕ್ಕೂ ಬೇಸರ ತರಿಸುವುದು ಮೆಥನಾಲ್ ಎಂಬ ಆಲ್ಕೋಹಾಲ್. ಎಷ್ಟೋ ಪ್ರಯೋಗಗಳಲ್ಲಿ ನೀರಿಗೆ ಅದನ್ನು ಬೆರೆಸಿರುತ್ತಾರೆ. ಪಾಸಿಟಿವ್ ಚಾರ್ಜನ್ನು ಅದು ಸುಲಭವಾಗಿ ನುಂಗಿಬಿಡುತ್ತದೆ. ನೀರಿನಿಂದ ಆಕ್ಸಿಜನ್ ಬಿಡಿಸುವ ಕಷ್ಟದ ಅರ್ಧ ಕೆಲಸ ಹಾಗೇ ತಪ್ಪಿಹೋಗುತ್ತದೆ, ಹೈಡ್ರೋಜನ್ ಲೆಕ್ಕ ಮಾತ್ರ ಏರುತ್ತದೆ. ಪುಡಿಯನ್ನು ಪರೀಕ್ಷೆ ಮಾಡೋಕೆ ಅದು ಸರಿ. ಆದರೆ ಜಗತ್ತಿನ ಮೆಥನಾಲ್ ಬಹುಪಾಲು ಬರುವುದೇ ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದ. ಅದನ್ನು ಸುರಿದು 'ನೀರಿನಿಂದ ಹೈಡ್ರೋಜನ್' ಅಂತ ತಲೆಬರಹ ಕೊಡುವುದು ಸರಿಯಲ್ಲ ಅಲ್ವಾ?

ಹಾಗಾಗಿ ಇಂಥ ಸುದ್ದಿ ಬಂದಾಗ ನಾನು ಮೊದಲು ಹುಡುಕುವುದು ಆಕ್ಸಿಜನ್ ಲೆಕ್ಕವನ್ನು. ಎರಡು ಪಾಲು ಹೈಡ್ರೋಜನ್‌ಗೆ ಒಂದು ಪಾಲು ಆಕ್ಸಿಜನ್ ಬಂದಿದೆಯಾ, ಅದೂ ಎಷ್ಟು ಗಂಟೆ ಬಿಡದೆ ಬಂದಿದೆ? ಬರೀ ನೀರಿನಲ್ಲಿ ಸಿಕ್ಕಿದ್ದು ಚೂರೇ ಆಗಿದ್ದರೂ ಪರವಾಗಿಲ್ಲ, ಅದನ್ನೇ ಮೊದಲ ಸಾಲಿನಲ್ಲಿ ಬರೆಯಲಿ.