ಸನ್ಮಾನ್ಯರು ಬಂದರು, ಚೆಂಡು ಸ್ವಲ್ಪ ಕಾಯಲಿ

ವಿಜಯಪುರದ ಶಾಲಾ ಬಾಸ್ಕೆಟ್‌ಬಾಲ್ ಪಂದ್ಯದ ಆ ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರುತ್ತದೆ. ಹುಡುಗಿ ಫ್ರೀ ಥ್ರೋ, ಅಂದರೆ ಎದುರಾಳಿ ಅಡ್ಡ ಬರದ ಎಸೆತದ, ಗೆರೆಯ ಹಿಂದೆ ನಿಂತಿದ್ದಾಳೆ. ರೆಫರಿ ಚೆಂಡು ಕೊಟ್ಟಾಗಿದೆ. ಅಷ್ಟರಲ್ಲಿ ಮೈಕಿನಿಂದ, "ನಮ್ಮೆಲ್ಲರ ನೆಚ್ಚಿನ, ಬಡವರ ಬಂಧು, ಕೊಡುಗೈ ದಾನಿ..." ನಿಯಮದ ಪ್ರಕಾರ ಚೆಂಡು ಎಸೆಯಲು ಅವಳಿಗೆ ಇರುವುದು 5 ಸೆಕೆಂಡ್. ಅಷ್ಟರಲ್ಲಿ ಅತಿಥಿಗಳ ಇನಿಷಿಯಲ್ ಕೂಡ ಮುಗಿಯುವುದಿಲ್ಲ.

ಮೈಕ್ ಹಿಡಿದವರನ್ನು ನಾನು ಬೈಯುವುದಿಲ್ಲ. ಬಹುಮುಖ ಪ್ರತಿಭೆ ಅವರದು. ಬೆಳಿಗ್ಗೆ ಮದುವೆ, ಮಧ್ಯಾಹ್ನ ಪಂದ್ಯ, ಸಂಜೆ ಜಾತ್ರೆ. ಮೂರಕ್ಕೂ ಒಂದೇ ದನಿ, ಒಂದೇ ಹಾಳೆ. ಮೂರನೇ ಕ್ವಾರ್ಟರ್‌ನಲ್ಲಿ "ಎಲ್ಲರೂ ಊಟ ಮಾಡ್ಕೊಂಡೇ ಹೋಗಬೇಕ್ರೀ" ಅಂದದ್ದು ಅದಕ್ಕೇ ಇರಬೇಕು.

ಅದೂ ಎಂಥ ಊರಿನಲ್ಲಿ! ಮಹಮ್ಮದ್ ಆದಿಲ್ ಶಾ 1656ರಲ್ಲಿ ತೀರಿಕೊಂಡ. ಅವನ ಸಮಾಧಿಯ ಮೇಲಿನ ಗ್ಯಾಲರಿಯಲ್ಲಿ ಈ ಕಡೆಯ ಗೋಡೆಗೆ ಪಿಸುಗುಟ್ಟಿದರೆ ಇವತ್ತಿಗೂ ಆ ಕಡೆಯವರಿಗೆ ಕೇಳುತ್ತದೆ. ಕರೆಂಟ್ ಬೇಡ, ಆಂಪ್ಲಿಫೈಯರ್ ಬೇಡ. ಆದರೆ ಗೋಳಗುಮ್ಮಟ ಹತ್ತಿದವರು ಪಿಸುಗುಟ್ಟುತ್ತಾರಾ? ಕೂಗು ಹಾಕುತ್ತಾರೆ, ಸಿಳ್ಳೆ ಹೊಡೆಯುತ್ತಾರೆ, ಬಿಟ್ಟುಹೋದ ಹುಡುಗಿಯ ಹೆಸರು ಕರೆಯುತ್ತಾರೆ. ಪಿಸುಮಾತು ಕೇಳಲೆಂದು ಟಿಕೆಟ್ ಕೊಂಡವನು ಕಿವಿ ಮುಚ್ಚಿಕೊಂಡು ಇಳಿಯುತ್ತಾನೆ. ಅದೇ ಗುಣ ಶಾಲೆಯ ಮೈದಾನಕ್ಕೂ ಬಂದಿದೆ. 2000ದ ಶಬ್ದ ಮಾಲಿನ್ಯ ನಿಯಮಗಳು ನಿಶ್ಶಬ್ದ ವಲಯದ ಮಾತು ಬಂದಾಗ ಆಸ್ಪತ್ರೆ, ಕೋರ್ಟಿನ ಜೊತೆ ಶಾಲೆಯನ್ನೂ ಹೇಳುತ್ತವೆ. ಹಗಲಿನ ಮಿತಿ 50 ಡೆಸಿಬೆಲ್. ನಮ್ಮವರ "ಹಲೋ, ಮೈಕ್ ಟೆಸ್ಟಿಂಗ್" ಒಂದಕ್ಕೇ ಅದು ಮುಗಿದುಹೋಯಿತು.

ಅಮೆರಿಕದ ಹೈಸ್ಕೂಲು ಪಂದ್ಯಗಳಲ್ಲಿ ಮೈಕ್ ಹಿಡಿದವನು ಚಿಯರ್‌ಲೀಡರ್ ಆಗಬಾರದು, ಎರಡೂ ತಂಡಗಳಿಗೆ ಸಮನಾಗಿರಬೇಕು ಅಂತ ಅಲ್ಲಿನ ಶಾಲಾ ಕ್ರೀಡಾ ಒಕ್ಕೂಟ ಹೇಳುತ್ತದೆ. ಪಾಪ, ಶಾಲು ಹಾರ ಇಲ್ಲದ ದೇಶ, ಇಂಥದ್ದಕ್ಕೆಲ್ಲ ಪುರುಸೊತ್ತು. ಯಾರು ಅಂಕ ಗಳಿಸಿದರು, ಯಾರದು ಎಷ್ಟನೇ ಫೌಲ್, ಟೈಮ್ ಔಟ್ ಯಾರದು, ಅಷ್ಟು ಹೇಳಿ ಸುಮ್ನೆ ಕೂತರೆ ಮೈಕಿನ ಬಾಡಿಗೆ ಗಿಟ್ಟಬೇಕಲ್ವಾ? ಮೊನ್ನೆ ಒಬ್ಬಳು 5ನೇ ಫೌಲಿಗೆ ಹೊರಗೆ ಬಂದಳು. ಯಾಕೆ ಬಂದಳು ಅಂತ ಅವಳ ಅಪ್ಪನಿಗೇ ತಿಳಿಯಲಿಲ್ಲ. ಬಾಳೆಹಣ್ಣು ಕೊಡಿಸಿದವರು ಯಾರು ಅಂತ ಮಾತ್ರ ಇಡೀ ಓಣಿಗೆ ಗೊತ್ತಾಯಿತು.

ಇಷ್ಟರ ತನಕ ನಗಬಹುದಿತ್ತು. ವಿಡಿಯೊದ ಆ ಹುಡುಗಿಯ ಮೊದಲ ಎಸೆತ ತಪ್ಪಿತು ನೋಡಿ, ಆಗ ಮೈಕಿನಲ್ಲಿ ಬಂದ ಮಾತು: "ಏ ತಂಗೀ, ಮನ್ಯಾಗ ರೊಟ್ಟಿ ಹಾಕಿಲ್ಲೇನ?" ಮೈದಾನವೆಲ್ಲ ನಕ್ಕಿತು. ಅವಳು ಜೆರ್ಸಿಯ ಅಂಚು ಎತ್ತಿ ಮುಖ ಒರೆಸಿಕೊಂಡಳು. ಬೆವರು ಒರೆಸಿದ್ದೋ ಬೇರೆ ಏನೋ. ಎರಡನೇ ಎಸೆತ ರಿಂಗಿಗೂ ತಾಗಲಿಲ್ಲ.

ಹೈಸ್ಕೂಲಿನ ಹುಡುಗಿ ಅವಳು. ಊರಿಗೆಲ್ಲ ಕೇಳುವ ಮೈಕಿನಲ್ಲಿ ಅವಳನ್ನು ಆಡಿಕೊಳ್ಳಲು ಯಾರು ಹೇಳಿದರು? ವೇದಿಕೆ ತುಂಬ ದೊಡ್ಡವರಿದ್ದರು. ಒಬ್ಬರಾದರೂ ಎದ್ದು ಮೈಕ್ ಕಸಿದುಕೊಂಡರಾ? ಇಲ್ಲ. ಅವರೂ ನಕ್ಕರು. ಥೂ, ಇದನ್ನು ಬರೆಯಲಿಕ್ಕೂ ಬೇಜಾರು.

ಮುಂದಿನ ವಾರದ ಪಂದ್ಯದ ಆಮಂತ್ರಣ ಪತ್ರಿಕೆ ಬಂದಿದೆ. ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತಿ, ಎಲ್ಲರೂ ಫೋಟೊ ಸಮೇತ ಇದ್ದಾರೆ. ಆಡುವ ತಂಡಗಳು ಯಾವುವು ಅಂತ ಹಿಂದೆ ಮುಂದೆ ತಿರುವಿ ಹುಡುಕಿದೆ. ಸಿಗಲಿಲ್ಲ. ಸೌಂಡ್ ಸಿಸ್ಟಮ್‌ನವರ ಹೆಸರು ಮಾತ್ರ ದಪ್ಪಕ್ಷರದಲ್ಲಿದೆ, ಮೊಬೈಲ್ ನಂಬರಿನ ಜೊತೆ.