ಅವಳಿಗೆ ಸೋಕಿದ್ದು ಗಾಳಿ ಅಲ್ಲ

ನನ್ನ ಅಕ್ಕನ ಮಗಳಿಗೆ ಆಗ 19 ವರ್ಷ. ಮುಂಬೈ ಹತ್ತಿರದ ಡೊಂಬಿವಿಲಿಯಿಂದ ದಿನಾ ಲೋಕಲ್ ರೈಲಿನಲ್ಲಿ ಕಾಲೇಜಿಗೆ ಹೋಗಿ ಬರುತ್ತಿದ್ದ ಹುಡುಗಿ. ಒಂದೇ ವಾರದಲ್ಲಿ ಪೂರ್ತಿ ಬದಲಾದಳು. ನಿದ್ದೆ ಇಲ್ಲ, ಗೋಡೆ ಜೊತೆ ಮಾತು, ಅಮ್ಮ ಬಡಿಸಿದ ಅನ್ನದಲ್ಲಿ ವಿಷ ಇದೆ ಅಂತ ಕೂಗಾಟ. ಊರಿಂದ ಫೋನ್ ಮೇಲೆ ಫೋನ್: ಗಾಳಿ ಸೋಕಿದೆ, ಪ್ರಶ್ನೆ ಇಡಿಸಿ. ಮೊದಲು ತೋರಿಸಿದ ಡಾಕ್ಟರು ಪರೀಕ್ಷೆ ಟೆನ್ಷನ್ ಅಂದು ನಿದ್ದೆ ಮಾತ್ರೆ ಕೊಟ್ಟು ಕಳಿಸಿದರು.

ಹನ್ನೆರಡನೇ ದಿನ ಫಿಟ್ಸ್ ಬಂತು. ಬಾಯಿ ತನ್ನಷ್ಟಕ್ಕೆ ಏನೋ ಅಗಿಯುವ ಹಾಗೆ ಆಡುತ್ತಿತ್ತು. ಆಸ್ಪತ್ರೆಗೆ ಸೇರಿಸಿದೆವು. ಎಂಆರ್‌ಐ ನಾರ್ಮಲ್. ಅಲ್ಲಿನ ನ್ಯೂರೋ ಡಾಕ್ಟರು ಮಾತ್ರ ಅಷ್ಟಕ್ಕೇ ಬಿಡಲಿಲ್ಲ, ಬೆನ್ನಿನಿಂದ ನೀರು ತೆಗೆದು ಟೆಸ್ಟಿಗೆ ಕಳಿಸಿದರು. ರಿಪೋರ್ಟ್ ಬಂದ ಮೇಲೆ ಆ ಹೆಸರು ಮೊದಲ ಸಲ ಕೇಳಿದೆವು, ಆಂಟಿ ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್, ಅಂದರೆ ಒಂದು ಬಗೆಯ ಮೆದುಳಿನ ಉರಿಯೂತ. ರೋಗದ ಜೊತೆ ಕಾದಾಡಬೇಕಾದ ನಮ್ಮದೇ ಆಂಟಿಬಾಡಿಗಳು ಮೆದುಳಿನ ಜೀವಕೋಶಗಳ ಮೇಲಿನ ಒಂದು ಪ್ರೋಟೀನಿಗೆ ಅಂಟಿಕೊಂಡು ಅದರ ಕೆಲಸ ಕೆಡಿಸುತ್ತವಂತೆ. ನೋಡುವವರ ಕಣ್ಣಿಗೆ ಅದು ಹುಚ್ಚು, ಅಷ್ಟೇ.

ಈ ಆಂಟಿಬಾಡಿ ಪತ್ತೆಯಾಗಿದ್ದೇ 2007ರಲ್ಲಿ. ನರರೋಗ ತಜ್ಞ ಡಾ. ಜೋಸೆಪ್ ಡಾಲ್ಮೌ ಅವರ ತಂಡ 12 ಹೆಂಗಸರ ರಕ್ತ, ಬೆನ್ನುನೀರು ಪರೀಕ್ಷಿಸಿ ಕಂಡುಹಿಡಿಯಿತು. ಅವರಲ್ಲಿ ಹೆಚ್ಚಿನವರಿಗೆ ಅಂಡಾಶಯದಲ್ಲಿ ಗಡ್ಡೆ ಇತ್ತು. ಅದಕ್ಕೇ ನಮ್ಮ ಹುಡುಗಿಗೂ ಹೊಟ್ಟೆ ಸ್ಕ್ಯಾನ್ ಮಾಡಿಸಿದರು, ಪುಣ್ಯಕ್ಕೆ ಏನೂ ಇರಲಿಲ್ಲ. 2007ಕ್ಕೂ ಮೊದಲು ಇಂಥ ಎಷ್ಟು ಹೆಣ್ಣುಮಕ್ಕಳನ್ನು ಕೋಣೆಯಲ್ಲಿ ಕೂಡಿಹಾಕಿದ್ದರೋ, ಎಷ್ಟು ಜನರಿಗೆ ಬೇವಿನ ಸೊಪ್ಪಿನಲ್ಲಿ ಹೊಡೆದಿದ್ದರೋ. ನೆನೆದರೆ ಸಂಕಟ ಆಗುತ್ತದೆ.

ಆಂಟಿಬಾಡಿಗಳ ಕಾಟ ತಗ್ಗಿಸಲು ಸ್ಟೆರಾಯ್ಡ್, ಇಮ್ಯುನೋಗ್ಲೋಬ್ಯುಲಿನ್ ಅನ್ನೋ ಔಷಧಿ ಕೊಟ್ಟರು. ಬಹಳ ದುಬಾರಿ, ಅಕ್ಕ ಬಳೆ ಅಡವಿಟ್ಟಳು. ಚೇತರಿಕೆ ನಿಧಾನ, ತಿಂಗಳುಗಟ್ಟಲೆ. 2013ರಲ್ಲಿ 577 ರೋಗಿಗಳ ಅಧ್ಯಯನ ಒಂದು ಬಂತು. ಎರಡು ವರ್ಷದವರೆಗೆ ಡಾಕ್ಟರುಗಳು ಗಮನಿಸಿದ ರೋಗಿಗಳಲ್ಲಿ 100ಕ್ಕೆ 81 ಮಂದಿ ಚೆನ್ನಾಗಿ ಸುಧಾರಿಸಿದ್ದರು. ಬೇಗ ಚಿಕಿತ್ಸೆ ಶುರುವಾದವರಿಗೆ ಫಲ ಜಾಸ್ತಿ. ನಾವು ಕಳೆದ ಆ ಹನ್ನೆರಡು ದಿನ ನನ್ನನ್ನು ಇವತ್ತಿಗೂ ಕಾಡುತ್ತದೆ.

ಎಲ್ಲ ಮಾನಸಿಕ ಕಾಯಿಲೆಯೂ ಇದೇ ಅಂತ ನಾನು ಹೇಳುತ್ತಿಲ್ಲ, ಇದು ಅಪರೂಪ. ಮನೋವೈದ್ಯರು ಕೊಟ್ಟ ಮಾತ್ರೆಯನ್ನು ದಯವಿಟ್ಟು ಸುಮ್ನೆ ನಿಲ್ಲಿಸಬೇಡಿ. ಆದರೆ ಚೆನ್ನಾಗಿದ್ದವರು ಕೆಲವೇ ದಿನಗಳಲ್ಲಿ ಹೀಗೆ ಬದಲಾಗಿ, ಜೊತೆಗೆ ಫಿಟ್ಸ್, ಮಾತು ನಿಲ್ಲುವುದು, ಕೈಬಾಯಿ ತಾನಾಗಿ ಆಡುವುದು ಕಂಡರೆ, "ಡಾಕ್ಟ್ರೇ, ಇದು ಮೆದುಳಿನ ಉರಿಯೂತ ಇರಬಹುದಾ?" ಅಂತ ಕೇಳಿಯೇ ಕೇಳಿ. ಕೇಳಲು ನಾಚಿಕೆ ಯಾಕೆ, ಅಲ್ವಾ?

ನಮ್ಮ ಕನ್ನಡ ಸಂಘದ ಆರೋಗ್ಯ ಶಿಬಿರದಲ್ಲಿ ಪ್ರತಿ ವರ್ಷ ಬಿಪಿ, ಶುಗರ್ ನೋಡುತ್ತಾರೆ. ಈ ಸಲ ನ್ಯೂರೋ ಡಾಕ್ಟರನ್ನೂ ಮನೋವೈದ್ಯರನ್ನೂ ಒಟ್ಟಿಗೆ ಕೂರಿಸಿ ಅಂದೆ. ಗಣಪತಿ ಹಬ್ಬ ಮುಗಿದ ಮೇಲೆ ಇಡೋಣ ಅಂದಿದ್ದಾರೆ. ಅಕ್ಕನೂ ಮಾತಾಡುತ್ತಾಳಂತೆ.