ಹಂದಿಯ ಹೊಟ್ಟೆಯೊಳಗಿನ ಕತ್ತಿ

ಏಳು ತಿಂಗಳು ಕಾದು ನಾನೊಂದು ಕತ್ತಿ ಸಂಪಾದಿಸಿದ್ದೆ. ಆನ್‌ಲೈನ್ ಆಟದ ಕತ್ತಿ. ವಾರಕ್ಕೆ ಎರಡು ರಾತ್ರಿ ನಲವತ್ತು ಜನ ಸೇರಿ ಒಂದು ಗುಹೆಗೆ ನುಗ್ಗುತ್ತಿದ್ದೆವು. ಮೂರು ಗಂಟೆ ಹೊಡೆದಾಡಿ ಕೊನೆಯ ಬಾಸ್‌ನನ್ನು ಕೆಡವಿದರೆ ಅವನ ಹೆಣದಿಂದ ಮೂರು ಸಾಮಾನು ಸಿಗುತ್ತಿತ್ತು. ನಲವತ್ತು ಜನಕ್ಕೆ ಮೂರು. ಯಾರಿಗೆ ಕೊಡಬೇಕು ಅನ್ನುವುದಕ್ಕೆ ಒಂದರಿಂದ ನೂರರವರೆಗೆ ಅಂಕಿ ಉರುಳಿಸುವುದು. ಒಂದು ವಾರ ನನಗೆ 3 ಬಿತ್ತು. ಇನ್ನೊಂದು ವಾರ 98 ಬಿತ್ತು, ಖುಷಿಗೆ ಕುರ್ಚಿಯಿಂದ ಎದ್ದೇಬಿಟ್ಟೆ. ಕೂರುವಷ್ಟರಲ್ಲಿ ಇನ್ಯಾರಿಗೋ 99 ಬಿದ್ದಿತ್ತು.

ಕೊನೆಗೂ ಕತ್ತಿ ಸಿಕ್ಕ ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನದಿಂದ ನನ್ನ ಮುಖ್ಯ ಕಸುಬು ಆಟದೊಳಗಿನ ಊರಿನ ಚೌಕದಲ್ಲಿ ಸುಮ್ನೆ ನಿಂತಿರುವುದು. ಹೋಗಿ ಬರುವವರು ಕತ್ತಿ ನೋಡಬೇಕು, ನೋಡಿ ಹೊಟ್ಟೆ ಉರಿದುಕೊಳ್ಳಬೇಕು. ಅದಕ್ಕಿಂತ ದೊಡ್ಡ ಉಪಯೋಗ ಆ ಕತ್ತಿಗೆ ಇರಲಿಲ್ಲ ಅನ್ನಿ.

ಆಮೇಲೆ ಹೊಸ ಎಕ್ಸ್‌ಪ್ಯಾನ್ಶನ್ ಬಂತು, ಅಂದರೆ ಆಟಕ್ಕೆ ಕಂಪನಿ ಜೋಡಿಸುವ ಹೊಸ ಭಾಗ. ಹೊಸ ಖಂಡ, ಹೊಸ ಲೆವೆಲ್‌ಗಳು. ಅಲ್ಲಿ ಕೊಟ್ಟ ಮೊದಲ ಕೆಲಸ, ಹತ್ತು ಕಾಡುಹಂದಿ ಹೊಡೆಯುವುದು. ನಾಲ್ಕನೇ ಹಂದಿ ಸತ್ತಾಗ ಅದರೊಳಗಿಂದ ಒಂದು ಕತ್ತಿ ಬಂತು. ಹೆಸರು ಹಸಿರು ಬಣ್ಣದಲ್ಲಿತ್ತು, ಅಂದರೆ ಕಂಡಕಂಡಲ್ಲಿ ಸಿಗುವ ಮಾಮೂಲಿ ಮಾಲು. ಅದು ನನ್ನ ಏಳು ತಿಂಗಳ ಕತ್ತಿಗಿಂತ ಹರಿತವಾಗಿತ್ತು.

ಹಂದಿ ಆ ಕತ್ತಿಯನ್ನು ಎಲ್ಲಿ ಇಟ್ಟುಕೊಂಡಿತ್ತೋ ದೇವರಿಗೇ ಗೊತ್ತು. ಅಷ್ಟು ಒಳ್ಳೆಯ ಕತ್ತಿ ಇಟ್ಟುಕೊಂಡು ನನ್ನನ್ನು ಯಾಕೆ ಮೂತಿಯಿಂದ ತಿವಿಯುತ್ತಿತ್ತೋ ಅದೂ ಗೊತ್ತಿಲ್ಲ. ಆದರೆ ನನ್ನ ಸಂಕಟ ಹಂದಿಯದ್ದಲ್ಲ. ಪಕ್ಕದಲ್ಲೇ ಒಬ್ಬ ಹೊಸಬ ಹಂದಿ ಹೊಡೆಯುತ್ತಿದ್ದ. ಆಟಕ್ಕೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಅವನ ಹಂದಿಯಿಂದಲೂ ಅದೇ ಕತ್ತಿ ಬಂತು.

'ಇದು ಅನ್ಯಾಯ' ಅಂತ ಚಾಟ್‌ನಲ್ಲಿ ಬರೆದೆ.

'ಯಾಕಣ್ಣಾ?' ಅಂತ ಕೇಳಿದ.

ಎರಡು ನಿಮಿಷ ಯೋಚಿಸಿದೆ. ಉತ್ತರ ಹೊಳೆಯಲಿಲ್ಲ. ಅವನನ್ನು ಬ್ಲಾಕ್ ಮಾಡಿದೆ. ಆಮೇಲೆ ನಮ್ಮ ಗಿಲ್ಡ್‌ಗೆ, ಅಂದರೆ ನಮ್ಮ ತಂಡಕ್ಕೆ, ಮುಂದೆ ನಿಂತು ಏಟು ತಿನ್ನುವ ಟ್ಯಾಂಕ್ ಒಬ್ಬ ಬೇಕಾಯಿತು, ಅನ್‌ಬ್ಲಾಕ್ ಮಾಡಿದೆ.

ಈ ಆಟಗಳಲ್ಲಿ ಕತ್ತಿ, ಕೊಡಲಿಗಳಿಗಿಂತ ಜಾಸ್ತಿ ಬೀಸುವ ಆಯುಧ 'ನ್ಯಾಯ' ಅನ್ನುವ ಪದ. ದಿನಕ್ಕೆ ಹತ್ತು ಗಂಟೆ ಆಡುವವನ ಪ್ರಕಾರ ಹೊತ್ತು ಹಾಕಿದವನೇ ಮುಂದಿರಬೇಕು, ಅದೇ ನ್ಯಾಯ. ಕೆಲಸದಿಂದ ಸುಸ್ತಾಗಿ ಬಂದು ಅರ್ಧ ಗಂಟೆ ಆಡುವವನ ವಾದ ಬೇರೆ. ನಿನ್ನ ಹತ್ತಿರ ಟೈಮ್ ಇದೆ, ನನ್ನ ಹತ್ತಿರ ಕಾರ್ಡ್ ಇದೆ, ಎರಡೂ ಖರ್ಚೇ ಅಲ್ವಾ? ಬೆರಳು ಚುರುಕಿರುವ ಹುಡುಗ ಇಬ್ಬರನ್ನೂ ನೋಡಿ ನಗುತ್ತಾನೆ. ಆಟ ಬರಬೇಕು ಸ್ವಾಮಿ, ಉಳಿದದ್ದೆಲ್ಲ ಸುಳ್ಳು ಅನ್ನುತ್ತಾನೆ. ಹಾಗನ್ನುತ್ತಿರುವಾಗಲೇ ಮೂವತ್ತು ಲೆವೆಲ್ ಮೇಲಿರುವ ದಡ್ಡನೊಬ್ಬ ಬಂದು, ಒಂದು ಕೈಯಲ್ಲಿ ಫೋನಿನಲ್ಲಿ ಮಾತಾಡುತ್ತಾ, ಇನ್ನೊಂದು ಕೈಯಲ್ಲಿ ಒಂದೇ ಬಟನ್ ಒತ್ತಿ ಅವನನ್ನು ಮಲಗಿಸಿ ಹೋಗುತ್ತಾನೆ.

ನಾನು ಹಳಬರ ಪಕ್ಷ. ನಮ್ಮ ನ್ಯಾಯ ಬಹಳ ಸರಳ. ನಾವು ಪಟ್ಟ ಪಾಡು ನೀವೂ ಪಡಿ. ಸೊಸೆಯಾಗಿ ಅತ್ತವಳು ಅತ್ತೆಯಾದ ಮೇಲೆ ಸೊಸೆಯನ್ನು ಅಳಿಸಿದ ಹಾಗೆ. 1999ರಲ್ಲಿ ಬಂದ ಎವರ್‌ಕ್ವೆಸ್ಟ್ ಅನ್ನುವ ಆಟದಲ್ಲಿ ಸತ್ತರೆ ಗಳಿಸಿದ ಅನುಭವದ ಅಂಕವೂ ಕಡಿಮೆಯಾಗುತ್ತಿತ್ತು, ಮೈಮೇಲಿನ ಸಾಮಾನೆಲ್ಲ ಸತ್ತ ಜಾಗದಲ್ಲೇ ಹೆಣದ ಮೇಲೆ ಉಳಿಯುತ್ತಿತ್ತು. ಬರಿಮೈಯಲ್ಲಿ ವಾಪಸ್ ಓಡಿ ನಮ್ಮ ಹೆಣವನ್ನು ನಾವೇ ಹುಡುಕಿ, ನಮ್ಮ ಬಟ್ಟೆಯನ್ನು ನಾವೇ ಬಿಚ್ಚಿಕೊಳ್ಳಬೇಕಿತ್ತು. ಹೆಣ ಇರುವುದು ನಮ್ಮನ್ನು ಕೊಂದವನ ಕಾಲಬುಡದಲ್ಲೇ ಆದ್ದರಿಂದ ಅಲ್ಲಿ ಇನ್ನೊಂದು ಹೆಣ ಬೀಳುವುದೂ ಇತ್ತು. ಅದನ್ನು ಅನುಭವಿಸಿದವರು ಈಗ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳುವುದು ಒಂದೇ ಮಾತು: ಆ ಕಾಲವೇ ಚೆನ್ನಾಗಿತ್ತು.

ಈ ಲೆವೆಲ್‌ಗಳ ಏಣಿ ಶುರುವಾದಾಗ ಇಷ್ಟು ಉದ್ದ ಇರಲಿಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ, ಆಮೇಲೆ ರಿಚರ್ಡ್ ಬಾರ್ಟಲ್ ಸೇರಿ ಮಡ್ ಅನ್ನುವ ಆಟ ಕಟ್ಟಿದರು. ಚಿತ್ರ ಇಲ್ಲ, ಬರೀ ಅಕ್ಷರ. ಅಂಕ ಕೂಡಿಸುತ್ತಾ ಹೋದರೆ ಕೊನೆಗೆ ಮಾಂತ್ರಿಕನಾಗುತ್ತಿದ್ದಿರಿ. ಅಲ್ಲಿಗೆ ಏಣಿ ಮುಗಿಯಿತು. ಇನ್ನು ಏರುವುದಕ್ಕೆ ಏನೂ ಇಲ್ಲ, ಬೇಕಾದರೆ ಉಳಿದವರನ್ನು ಆಟ ಆಡಿಸಿ. ಎಷ್ಟು ಮುಗ್ಧ ಕಾಲ ನೋಡಿ. ತಿಂಗಳ ಚಂದಾ ಬಂದ ಮೇಲೆ ಇದರ ಅಪಾಯ ಗೊತ್ತಾಯಿತು. ತುದಿ ಮುಟ್ಟಿದವನು ಇಳಿದು ಮನೆಗೆ ಹೋಗಿಬಿಡುತ್ತಾನೆ, ಮುಂದಿನ ತಿಂಗಳು ದುಡ್ಡು ಕೊಡುವುದಿಲ್ಲ. ಹಾಗಾಗಿ ಅವನು ತುದಿಗೆ ಬರುವುದರೊಳಗೆ ಇನ್ನಷ್ಟು ಮೆಟ್ಟಿಲು ಜೋಡಿಸಬೇಕು.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನುವ ಆಟ ಈ ಕೆಲಸವನ್ನು ಶ್ರದ್ಧೆಯಿಂದ ಮಾಡಿತು. 2004ರಲ್ಲಿ ಶುರುವಾದಾಗ 60 ಲೆವೆಲ್. 2007ಕ್ಕೆ 70, 2008ಕ್ಕೆ 80. ಆಮೇಲೆ 85, 90, 100, 110, 2018ಕ್ಕೆ 120. ಹನುಮಂತನ ಬಾಲ ಬೆಳೆದ ಹಾಗೆ. ಬಾಲ ಇಷ್ಟು ಉದ್ದವಾದ ಮೇಲೆ ಹೊಸಬರು ನೋಡಿಯೇ ಸುಸ್ತಾಗುತ್ತಾರೆ ಅಂತ ಕಂಪನಿಗೆ ಅನಿಸಿತು. 2020ರಲ್ಲಿ ಒಂದು ಅಪ್‌ಡೇಟ್ ಬಿಟ್ಟರು. ರಾತ್ರಿ 120 ಆಗಿ ಮಲಗಿದವರು ಬೆಳಗ್ಗೆ 50 ಆಗಿ ಎದ್ದರು. ಒಂದೇ ಏಟಿಗೆ ಎಪ್ಪತ್ತು ಮೆಟ್ಟಿಲು ಹಿಂಬಡ್ತಿ. ಬೇರೆ ಯಾವ ಕೆಲಸದಲ್ಲಾದರೂ ಹೀಗೆ ಮಾಡಿದರೆ ಜನ ಬಾಗಿಲು ಮುರಿಯುತ್ತಿದ್ದರು. ಇಲ್ಲಿ ಒಂದಿಷ್ಟು ಗೊಣಗಿ, 60ರ ಕಡೆಗೆ ಮತ್ತೆ ಏರಲು ಶುರು ಮಾಡಿದರು. 2022ರಲ್ಲಿ 70 ಆಯಿತು. 2024ರಲ್ಲಿ 80 ಆಯಿತು.

2008ರಲ್ಲೂ 80. 2024ರಲ್ಲೂ 80. ಹದಿನಾರು ವರ್ಷದಲ್ಲಿ ಒಂದು ಮಗು ಹುಟ್ಟಿ, ಶಾಲೆಗೆ ಸೇರಿ, ಪ್ರೌಢಶಾಲೆಯನ್ನೂ ಮುಗಿಸಿರುತ್ತದೆ. ಅದರ ಅಪ್ಪ ಮಾತ್ರ ಅದೇ ಕುರ್ಚಿಯಲ್ಲಿ, ಅದೇ 80ರಲ್ಲಿ. ಆದರೆ ಏರುತ್ತಲೇ ಇದ್ದ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಇನ್ನೊಂದು ಸೊಗಸು ಇದೆ. ಮೊದಲು ಲೆವೆಲ್ ಏರಿದರೆ ಹಳೆಯ ತೋಳವನ್ನು ಒಂದೇ ಏಟಿಗೆ ಉರುಳಿಸುವ ಸುಖವಾದರೂ ಇತ್ತು. ಈಗ ಎಷ್ಟೋ ಆಟಗಳಲ್ಲಿ ನಾವು ಏರಿದ ಹಾಗೆ ತೋಳವೂ ಏರುತ್ತದೆ. ಶುರುವಿನಲ್ಲಿ ಐದು ಏಟಿಗೆ ಸಾಯುತ್ತಿದ್ದ ತೋಳ ಕೊನೆಯಲ್ಲೂ ಐದು ಏಟಿಗೇ ಸಾಯುತ್ತದೆ. ಬದಲಾಗುವುದು ತಲೆಯ ಮೇಲೆ ಹಾರುವ ಅಂಕಿ ಮಾತ್ರ. ಆಗ 12 ಅಂತ ಹಾರುತ್ತಿತ್ತು, ಈಗ 12,000 ಅಂತ ಹಾರುತ್ತದೆ. ತೋಳ ಯಾವ ಕ್ವೆಸ್ಟ್ ಮಾಡಿ ಲೆವೆಲ್ ಏರಿತು, ಅದಕ್ಕೂ ಒಂದು ಗಿಲ್ಡ್ ಇದೆಯಾ, ವಾರಕ್ಕೆ ಎರಡು ರಾತ್ರಿ ನಲವತ್ತು ತೋಳಗಳು ಸೇರುತ್ತವಾ, ಯಾರೂ ಕೇಳುವುದಿಲ್ಲ.

2001ರಿಂದ ನಡೆಯುತ್ತಿರುವ ರೂನ್‌ಸ್ಕೇಪ್‌ನ ಲೆಕ್ಕ ಇದಕ್ಕಿಂತ ಮೋಜು. ಅಲ್ಲಿ ಒಂದು ವಿದ್ಯೆಯಲ್ಲಿ 99ನೇ ಲೆವೆಲ್ ಮುಟ್ಟಲು 1,30,34,431 ಅಂಕ ಬೇಕು. ಇದರ ಅರ್ಧದಾರಿ ಎಲ್ಲಿದೆ ಗೊತ್ತಾ? 92ರಲ್ಲಿ. ಮರ ಕಡಿಯುತ್ತಾ ಕಡಿಯುತ್ತಾ 92 ಮುಟ್ಟಿ, ಇನ್ನೇನು ಏಳೇ ಏಳು ಅಂದುಕೊಂಡು ಬೆವರು ಒರೆಸಿಕೊಳ್ಳುವಾಗ ಯಾರೋ ಬಂದು ಅರ್ಧ ಆಯಿತು ಅನ್ನುತ್ತಾರೆ. ಹಾಗೂ 99 ಮುಟ್ಟಿದಿರಿ ಅನ್ನಿ. ಅಂಕ ಏರುವುದು ನಿಲ್ಲುವುದಿಲ್ಲ, 20 ಕೋಟಿವರೆಗೂ ಎಣಿಸುತ್ತಲೇ ಇರುತ್ತದೆ. ಅಲ್ಲಿಯವರೆಗೆ ಕಡಿದವರೂ ಇದ್ದಾರೆ. ಅವರು ಕಡಿದ ಮರ ಸ್ವಲ್ಪ ಹೊತ್ತಿಗೆ ಅಲ್ಲೇ ಮತ್ತೆ ಹುಟ್ಟುತ್ತದೆ ಅನ್ನುವುದೇ ಪರಿಸರದ ಪುಣ್ಯ.

ಗಾಣದ ಎತ್ತಿಗೆ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ನಮಗೆ ಅದೂ ಬೇಕಾಗಿಲ್ಲ, ಹೆಸರು ಬದಲಿಸಿದರೆ ಸಾಕು. ವಾರ್‌ಕ್ರಾಫ್ಟ್ ಇನ್ನೂ ಪರೀಕ್ಷೆಯ ಹಂತದಲ್ಲಿದ್ದಾಗ ಒಂದು ನಿಯಮ ತಂದಿದ್ದರು. ತುಂಬಾ ಹೊತ್ತು ಒಂದೇ ಸಮ ಆಡಿದವರಿಗೆ ಸಿಗುವ ಅಂಕ ನೂರರಿಂದ ಐವತ್ತಕ್ಕೆ ಇಳಿಯುವುದು. ಹೋಗಿ ಸ್ವಲ್ಪ ಮಲಗಲಿ ಅನ್ನುವ ಒಳ್ಳೆಯ ಉದ್ದೇಶ. ಆಟಗಾರರು ಸಿಟ್ಟಾದರು, ಇದೆಂಥ ಶಿಕ್ಷೆ ಅಂದರು. ಸರಿ ಅಂತ ಲೆಕ್ಕ ತಿರುವಿ ಹಾಕಿದರು. ನೂರು ಇದ್ದದ್ದನ್ನು ಇನ್ನೂರು ಅಂತ ಕರೆದು 'ವಿಶ್ರಾಂತಿ ಬೋನಸ್' ಅಂದರು. ಐವತ್ತು ಇದ್ದದ್ದನ್ನು ನೂರು ಅಂತ ಕರೆದು 'ಮಾಮೂಲಿ' ಅಂದರು. ಕೈಗೆ ಬರುವುದು ಅಷ್ಟೇ. ಆಟಗಾರರು ಸಂಭ್ರಮಿಸಿದರು. ಆ ಸಂಭ್ರಮಿಸಿದವರ ಸಾಲಿನಲ್ಲಿ ನಾನೂ ಇರುತ್ತಿದ್ದೆ, ಅನುಮಾನವೇ ಬೇಡ.

ಹೊಸಬರು ಹಳಬರನ್ನು ಎಂದಾದರೂ ಹಿಡಿಯಬಹುದಾ ಅನ್ನುವ ಪ್ರಶ್ನೆಗೆ ಐಸ್‌ಲ್ಯಾಂಡಿನ ಈವ್ ಆನ್‌ಲೈನ್ ಕೊಟ್ಟ ಉತ್ತರ ನನಗೆ ಬಹಳ ಇಷ್ಟ. 2003ರಲ್ಲಿ ಬಂದ ಈ ಆಟದಲ್ಲಿ ಕೌಶಲಗಳು ಗಡಿಯಾರದ ಪ್ರಕಾರ ಬೆಳೆಯುತ್ತವೆ. ನೀವು ಆಡುತ್ತಿರಿ, ಮಲಗಿರಿ, ಅದರ ಪಾಡಿಗೆ ಅದು ಏರುತ್ತದೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಗ್ರೈಂಡ್ ಇಲ್ಲ, ಎಲ್ಲರಿಗೂ ಒಂದೇ ಗಡಿಯಾರ. ಎಂಥ ನ್ಯಾಯ! ಆದರೆ ಐದು ವರ್ಷ ಮೊದಲು ಸೇರಿದವನು ಎಂದೆಂದಿಗೂ ಐದು ವರ್ಷ ಮುಂದೆ. ಅಣ್ಣ ತಮ್ಮಂದಿರ ವಯಸ್ಸಿನ ಹಾಗೆ, ಹಿಡಿಯುವ ಮಾತೇ ಇಲ್ಲ. 2016ರಲ್ಲಿ ಇದಕ್ಕೂ ದಾರಿ ಮಾಡಿದರು. ಹಳಬರು ತಮ್ಮ ತಲೆಯಲ್ಲಿರುವ ಕೌಶಲವನ್ನು ಹಿಂಡಿ ತೆಗೆದು ಮಾರಬಹುದು, ಹೊಸಬರು ಕೊಂಡು ಚುಚ್ಚಿಕೊಳ್ಳಬಹುದು. ಅನುಭವ ಅನ್ನುವುದು ಬಾಟಲಿಗೆ ಇಳಿಯಿತು. ಅಲ್ಲಿಂದಾಚೆಗೆ ಕೆಲವರು ಬೇರೆ ಕೆಲಸ ಬಿಟ್ಟು ಹಿಂಡುವುದಕ್ಕೆಂದೇ ತಲೆಗಳನ್ನು ಬೆಳೆಸತೊಡಗಿದರು.

ವಾರ್‌ಕ್ರಾಫ್ಟ್ ಅದಕ್ಕೂ ಮೊದಲು, 2014ರಲ್ಲಿ, 60 ಡಾಲರ್ ಕೊಟ್ಟರೆ ನೇರವಾಗಿ 90ನೇ ಲೆವೆಲ್‌ಗೆ ಏರಿಸುವ ಸೇವೆ ಇಟ್ಟಿತ್ತು. ನಿಧಾನವಾಗಿ ಓದಿಕೊಳ್ಳಿ. ಆಟ ಕೊಳ್ಳಲು ದುಡ್ಡು. ತಿಂಗಳು ತಿಂಗಳು ಆಡಲು ದುಡ್ಡು. ಆಮೇಲೆ ಅದರಲ್ಲಿ ಮುಕ್ಕಾಲು ಆಟವನ್ನು ಆಡದೇ ಇರಲು ದುಡ್ಡು. ಮಗುವನ್ನು ಚಿವುಟುವವರೂ ಅವರೇ, ತೊಟ್ಟಿಲು ತೂಗುವವರೂ ಅವರೇ ಅಂತ ಬೈಯಬಹುದಿತ್ತು. ಆದರೆ ಈ ಮಗು ಚಿವುಟುವುದಕ್ಕೂ ತೂಗುವುದಕ್ಕೂ ಎರಡಕ್ಕೂ ಬಿಲ್ ಕಟ್ಟುತ್ತಿದೆ.

ಇಷ್ಟೆಲ್ಲದರ ನಡುವೆ ನಿಜವಾಗಿಯೂ ಎಲ್ಲರಿಗೂ ಸಮಾನವಾದ ನಿಯಮ ಒಂದು ಇತ್ತು. ಅದು ಇದ್ದದ್ದು ದಕ್ಷಿಣ ಕೊರಿಯಾದಲ್ಲಿ. ನೆಕ್ಸಾನ್ ಕಂಪನಿಯ ಮೇಪಲ್‌ಸ್ಟೋರಿ ಆಟದಲ್ಲಿ ಕ್ಯೂಬ್ ಅಂತ ಒಂದು ಸಾಮಾನು ಮಾರುತ್ತಿದ್ದರು. ದುಡ್ಡು ಕೊಟ್ಟು ಕ್ಯೂಬ್ ಉಜ್ಜಿದರೆ ನಿಮ್ಮ ಆಯುಧದ ಮೂರು ಗುಣಗಳು ಬದಲಾಗುತ್ತಿದ್ದವು. ಒಂದೇ ಒಳ್ಳೆಯ ಗುಣ ಮೂರಕ್ಕೆ ಮೂರೂ ಕಡೆ ಬಂದರೆ ಜನ್ಮ ಸಾರ್ಥಕ. ಜನ ಉಜ್ಜಿದರು. ಬರಲಿಲ್ಲ. ನಮ್ಮ ಹಣೆಬರಹ ಅಂದುಕೊಂಡು ಮತ್ತೆ ಕೊಂಡು ಉಜ್ಜಿದರು. ಅಲ್ಲಿನ ಫೇರ್ ಟ್ರೇಡ್ ಕಮಿಷನ್ 2024ರ ಜನವರಿಯಲ್ಲಿ ಹೇಳಿದ ಪ್ರಕಾರ, ಆಟಗಾರರು ಆಸೆಪಡುತ್ತಿದ್ದ ಕೆಲವು ಜೋಡಣೆಗಳು ಬರುವ ಸಾಧ್ಯತೆಯನ್ನು ಕಂಪನಿ 2011ರಲ್ಲೇ ಸದ್ದಿಲ್ಲದೆ ಸೊನ್ನೆ ಮಾಡಿತ್ತು. ಕಡಿಮೆ ಅಲ್ಲ, ಸೊನ್ನೆ. ಸುಮಾರು ಹತ್ತು ವರ್ಷ ಯಾರಿಗೂ ತಿಳಿಸಿರಲಿಲ್ಲ. ಸುಮಾರು 1,160 ಕೋಟಿ ವಾನ್ ದಂಡ ಹಾಕಿದರು.

ನನಗೆ ಈ ದಂಡ ಸ್ವಲ್ಪ ಜಾಸ್ತಿಯಾಯಿತು ಅನಿಸುತ್ತದೆ. ಹಳಬನಿಗೂ ಸೊನ್ನೆ, ಹೊಸಬನಿಗೂ ಸೊನ್ನೆ. ಟೈಮ್ ಇದ್ದವನಿಗೂ ಸೊನ್ನೆ, ಕಾರ್ಡ್ ಇದ್ದವನಿಗೂ ಸೊನ್ನೆ. ಇಷ್ಟು ವರ್ಷ ನಾವು ನ್ಯಾಯ ನ್ಯಾಯ ಅಂತ ಬಾಯಿ ಬಡಿದುಕೊಂಡೆವು. ಒಂದು ಕಂಪನಿ ಒಂದು ಮೂಲೆಯಲ್ಲಾದರೂ ಅದನ್ನು ಜಾರಿಗೆ ತಂದರೆ ಹಿಡಿದು ದಂಡ ಹಾಕುವುದಾ?

ಮೆಟ್ಟಿಲು ಹಾಕುವುದನ್ನು ನಿಲ್ಲಿಸಿದವರೂ ಇದ್ದರು. 2005ರ ಗಿಲ್ಡ್ ವಾರ್ಸ್‌ನಲ್ಲಿ ಲೆವೆಲ್ 20ಕ್ಕೆ ಮುಗಿಯಿತು, ತಿಂಗಳ ಚಂದಾವೂ ಇರಲಿಲ್ಲ. ಎಷ್ಟು ಆಡಿದರೂ 20. ಜನ ನೆಮ್ಮದಿಯಾಗಿ ಆಡಬಹುದಿತ್ತು ಅಲ್ವಾ? ಏರಲು ಏನಾದರೂ ಬೇಕೇ ಬೇಕು ಅನ್ನುವವರಿಗಾಗಿ ಅಲ್ಲಿ ಬಿರುದುಗಳು ಬಂದವು. ಮೂವತ್ತು ಬಿರುದು ಪೂರ್ತಿ ಮಾಡಿದರೆ 'ಹುಲುಮಾನವರ ನಡುವೆ ನಡೆದಾಡುವ ದೇವರು' ಅನ್ನುವ ಅರ್ಥದ ಇನ್ನೊಂದು ಬಿರುದು. ಆ ಪಟ್ಟಿಯಲ್ಲಿ ಕುಡುಕನದ್ದೂ ಒಂದಿತ್ತು. ಅದಕ್ಕೆ ಮೊದಲಿಗೆ ಆಟದೊಳಗೆ ಒಟ್ಟು 10,000 ನಿಮಿಷ ಕುಡಿದ ಮತ್ತಿನಲ್ಲಿರಬೇಕಿತ್ತು. ಹೆಚ್ಚುಕಡಿಮೆ ಒಂದು ವಾರ, ಹಗಲೂ ರಾತ್ರಿ. ಪರದೆಯ ಮುಂದೆ ಒಂದು ಹನಿಯೂ ಕುಡಿಯದ ಮನುಷ್ಯ, ಅಮಲು ಇಳಿಯಿತೇನೋ ಅಂತ ನಿಮಿಷ ನಿಮಿಷಕ್ಕೂ ನೋಡುತ್ತಾ ಕೂತಿದ್ದ. ದೇವರಾಗುವುದು ಸುಲಭ ಅಲ್ಲ.

ನನ್ನ ಏಳು ತಿಂಗಳ ಕತ್ತಿ ಈಗಲೂ ಇದೆ. ಅದನ್ನು ಬೇರೆಯವರಿಗೆ ಕೊಡುವಂತಿಲ್ಲ, ನನಗೇ ಅಂಟಿಕೊಂಡ ಸಾಮಾನು. ಆಟದೊಳಗಿನ ಅಂಗಡಿಯವನಿಗೆ ಮಾರಬಹುದು, ಅವನು ಕೊಡುವ ನಾಣ್ಯದಲ್ಲಿ ಕುದುರೆಗೆ ಹುಲ್ಲೂ ಬರುವುದಿಲ್ಲ. ಅಳಿಸಿಬಿಡೋಣ ಅಂತ ಒಂದು ರಾತ್ರಿ ಕೂತೆ. ನಿಜವಾಗಿಯೂ ಅಳಿಸಬೇಕಾ, ಹಾಗಾದರೆ 'ಅಳಿಸು' ಅಂತ ನಿಮ್ಮ ಕೈಯಾರೆ ಟೈಪ್ ಮಾಡಿ ಅಂತ ಕೇಳಿತು. ಒಂದೊಂದೇ ಅಕ್ಷರ ಒತ್ತಿದೆ, ಕೊನೆಯ ಅಕ್ಷರಕ್ಕೆ ಬೆರಳು ಬಗ್ಗಲಿಲ್ಲ. ಬ್ಯಾಂಕ್‌ನಲ್ಲಿ ಇಡೋಣ ಅಂದರೆ ಅದು ಹಿಂದಿನ ಐದು ಎಕ್ಸ್‌ಪ್ಯಾನ್ಶನ್‌ಗಳ ಕತ್ತಿಗಳಿಂದ ತುಂಬಿತ್ತು. ಕಂಪನಿ ಬ್ಯಾಂಕ್‌ನ ಖಾನೆಗಳನ್ನೂ ಮಾರುತ್ತದೆ. ಒಂದು ಕೊಂಡೆ. ಡಿಸ್ಕೌಂಟ್ ಇತ್ತು, ಎರಡು ಕೊಂಡೆ.

ಮೊನ್ನೆ ಮತ್ತೊಂದು ಎಕ್ಸ್‌ಪ್ಯಾನ್ಶನ್ ಬಂತು. ಈ ಸಲ ಹಂದಿ ಅಲ್ಲ, ಏಡಿ. ಅವತ್ತು 'ಯಾಕಣ್ಣಾ' ಅಂದಿದ್ದ ಹುಡುಗ ಈಗ ಗಿಲ್ಡ್‌ನ ಮುಖ್ಯ ಟ್ಯಾಂಕ್. ರಾತ್ರಿ ಹನ್ನೊಂದಕ್ಕೆ ಅವನ ಮೆಸೇಜ್ ಬಂತು.

'ಅಣ್ಣಾ, ಒಂದೂವರೆ ವರ್ಷ ಒದ್ದಾಡಿ ಕೊಡಲಿ ತಗೊಂಡಿದ್ದೆ ಅಲ್ವಾ. ಇವತ್ತು ಮೂರನೇ ಏಡಿಯಲ್ಲಿ ಅದಕ್ಕಿಂತ ಒಳ್ಳೆಯದು ಬಂತು. ಪಕ್ಕದಲ್ಲಿ ಯಾವನೋ ನಿನ್ನೆ ಮೊನ್ನೆ ಸೇರಿದವನಿಗೂ ಅದೇ ಬಂತು. ಇದು ನ್ಯಾಯನಾ, ನೀನೇ ಹೇಳು.'

ಆಗಷ್ಟೇ ನನ್ನ ಏಡಿಯೂ ಸತ್ತಿತ್ತು. ಅದರ ಹೊಟ್ಟೆಯಿಂದ ಏನು ಬಂತು ಅಂತ ನೋಡುತ್ತಲೇ ಉತ್ತರ ಬರೆದೆ.

'ಬ್ಯಾಂಕಲ್ಲಿ ಜಾಗ ಇದೆಯಾ?'